ಅಟ್ಟದ ಕಂಬದ ನೆರಳಿಗೆ 40 ನಿಮಿಷ ಯಾಕೆ ತಡ?

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ, ಅಡಿಕೆ ತೋಟ. ಮಗ ದುಬೈಯಲ್ಲಿದ್ದಾನೆ. ಸೊಸೆ, ಮೊಮ್ಮಗಳು ನಮ್ಮ ಜೊತೆ. ಸಂಕ್ರಾಂತಿ ರಜೆಯಲ್ಲಿ ಮೊಮ್ಮಗಳು ಅಂಗಳದಲ್ಲಿ ಅಡಿಕೆ ಅಟ್ಟದ ಕಂಬದ ನೆರಳಿಗೆ ಗೆರೆ ಹಾಕುತ್ತ ಕೂತಿದ್ದಳು. ನೆರಳು ಎಲ್ಲಕ್ಕಿಂತ ಚಿಕ್ಕದಾದಾಗ ಮಧ್ಯಾಹ್ನ 12 ಗಂಟೆ ಅಂತ ಅವಳ ಪುಸ್ತಕದಲ್ಲಿದೆಯಂತೆ. ನಮ್ಮಲ್ಲಿ ಚಿಕ್ಕದಾಗಿದ್ದು 12.40ಕ್ಕೆ. ಮೊಬೈಲ್ ನೋಡಿಯೇ ಬರೆದದ್ದು. ಭೂಮಿ 24 ಗಂಟೆಗೆ ಒಂದು ಸುತ್ತು ಬರುತ್ತದೆ ಅಂದಮೇಲೆ ಈ 40 ನಿಮಿಷ ಎಲ್ಲಿಂದ ಬಂತು? ಹಾಗೇ ನಮಗೂ ದುಬೈಗೂ ಒಂದೂವರೆ ಗಂಟೆ ವ್ಯತ್ಯಾಸ ಅಂತ ತೀರ್ಮಾನ ಮಾಡಿದ್ದು ಯಾರು, ಸೂರ್ಯನೋ ಸರಕಾರವೋ?

ಉತ್ತರ: ಮೊದಲು ಕೂಸಿಗೆ ಹೇಳಿ, ಅವಳು ಹಾಕಿದ ಗೆರೆ ಸರಿ ಇದೆ. ಪುಸ್ತಕದ್ದೂ ಸುಳ್ಳಲ್ಲ, ಅರ್ಧ ಹೇಳಿ ಸುಮ್ಮನಾಗಿದೆ ಅಷ್ಟೇ. ಆ 40 ನಿಮಿಷದಲ್ಲಿ ಸುಮಾರು 31 ನಿಮಿಷ ಸರಕಾರದ್ದು. ಉಳಿದ 9 ನಿಮಿಷ ಸೂರ್ಯ ಮತ್ತು ಭೂಮಿಯ ನಡುವಿನ ಲೆಕ್ಕ.

ಅದನ್ನು ಬಿಡಿಸುವ ಮೊದಲು ನನ್ನದೇ ಒಂದು ಫಜೀತಿ ಹೇಳಿಬಿಡುತ್ತೇನೆ. ಕಾರವಾರದಲ್ಲಿ ಭೌತಶಾಸ್ತ್ರ ಪಾಠ ಮಾಡಲು ಶುರು ಮಾಡಿದ ಹೊಸತು. ಏಪ್ರಿಲ್ 30ರ ಸುಮಾರಿಗೆ ಸೂರ್ಯ ಸರಿಯಾಗಿ ನಮ್ಮ ನೆತ್ತಿಯ ಮೇಲೆ ಬರುತ್ತಾನೆ, ಆ ದಿನ ನೆಟ್ಟಗೆ ನಿಂತ ಕೋಲಿಗೆ ನೆರಳೇ ಇರುವುದಿಲ್ಲ ಅಂತ ಹುಡುಗರ ಮುಂದೆ ಜಂಬ ಕೊಚ್ಚಿದ್ದೆ. ಒಂದು ಮೀಟರ್ ಕೋಲು ತಂದು ಮೈದಾನದಲ್ಲಿ ನೆಟ್ಟೆ. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಕೋಲು ಓರೆಯಾಗಿಲ್ಲ ಅಂತ ಖಾತ್ರಿ ಮಾಡಿಕೊಂಡೆ. 12 ಗಂಟೆಗೆ ಎಲ್ಲರನ್ನೂ ಸುತ್ತ ನಿಲ್ಲಿಸಿದೆ. ನೆರಳು ಇತ್ತು! 13 ಸೆಂಟಿಮೀಟರ್, ಅರ್ಧ ಗೇಣಿಗಿಂತ ಜಾಸ್ತಿ. ಆರಾಮಾಗಿ ಸಮುದ್ರದ ಕಡೆಗೆ ಕಾಲು ಚಾಚಿ ಮಲಗಿತ್ತು. ಹುಡುಗರು ಮುಖ ಮುಖ ನೋಡಿಕೊಂಡರು. ಆಮೇಲೆ ಊಟಕ್ಕೆ ಹೋದರು. ಅರ್ಧ ಗಂಟೆ ಬಿಟ್ಟು ಕೋಲು ಕೀಳೋಣ ಅಂತ ಹೋದರೆ ನೆರಳು ಮಾಯ. ನೋಡಲು ಇದ್ದದ್ದು ನಾನು ಮತ್ತು ಮೈದಾನದಲ್ಲಿ ಮೇಯುತ್ತಿದ್ದ ಒಂದು ದನ. ಕೋಲು ಸರಿ, ದಿನ ಸರಿ, ನಾನು ನಂಬಿದ್ದ ಗಡಿಯಾರ ಮಾತ್ರ ಕಾರವಾರದ್ದಲ್ಲ.

ಈಗ ನಿಮ್ಮ ಅಂಗಳಕ್ಕೆ ಬರೋಣ. ಹಿತ್ತಲಲ್ಲಿ ಚಕೋತ ಇದ್ದರೆ ಒಂದು ದೊಡ್ಡ ಹಣ್ಣು ಕೊಯ್ಯಿರಿ. ಸುತ್ತಳತೆ 48 ಸೆಂಟಿಮೀಟರ್ ಇದ್ದರೆ ಲೆಕ್ಕ ಸುಲಭ, ಗಂಟೆಗೆ 2 ಸೆಂಟಿಮೀಟರ್ ಅಂತ ಇಟ್ಟುಕೊಳ್ಳಬಹುದು. ತೊಟ್ಟು ಉತ್ತರ ಧ್ರುವ. ಹಣ್ಣಿನ ಹೊಟ್ಟೆಯ ಮೇಲೆ ಒಂದು ಲವಂಗ ಚುಚ್ಚಿ, ಅದು ಶಿರಸಿ. ಅದರಿಂದ ಎಡಕ್ಕೆ ಎರಡೂವರೆ ಸೆಂಟಿಮೀಟರಿಗಿಂತ ತುಸು ಜಾಸ್ತಿ ದೂರದಲ್ಲಿ ಇನ್ನೊಂದು ಲವಂಗ, ಅದು ದುಬೈ. ರಾತ್ರಿ ಲೈಟ್ ಆರಿಸಿ, ಮೇಜಿನ ಮೇಲೆ ಟಾರ್ಚ್ ಹಚ್ಚಿಡಿ. ಆಮೇಲೆ ಟಾರ್ಚ್ ಮುಟ್ಟಬಾರದು. ತಿರುಗಬೇಕಾದ್ದು ಹಣ್ಣು ಮಾತ್ರ. ತೊಟ್ಟು ಮೇಲೆ ಮಾಡಿ ಹಿಡಿದು ನಿಧಾನ ತಿರುಗಿಸಿ, ದೇವಸ್ಥಾನಕ್ಕೆ ಪ್ರದಕ್ಷಿಣೆ ಬರುವ ದಿಕ್ಕಿಗೆ ಉಲ್ಟಾ.

ಮೊದಲು ಶಿರಸಿಯ ಲವಂಗ ಬೆಳಕಿಗೆ ಬರುತ್ತದೆ. ಆಗ ಅದರ ನೆರಳು ಉದ್ದಕ್ಕೆ ದುಬೈ ಕಡೆಗೆ ಬಿದ್ದಿರುತ್ತದೆ. ತಿರುಗಿಸುತ್ತ ಹೋದ ಹಾಗೆ ಗಿಡ್ಡವಾಗುತ್ತದೆ. ಲವಂಗ ಟಾರ್ಚಿಗೆ ನೇರ ಎದುರು ಬಂದಾಗ ನೆರಳು ಎಲ್ಲಕ್ಕಿಂತ ಚಿಕ್ಕದು. ಅದೇ ನಡುಹಗಲು. ಅಲ್ಲಿಂದ ಮುಂದೆ ನೆರಳು ಇನ್ನೊಂದು ಬದಿಗೆ ಬೆಳೆಯುತ್ತದೆ, ಕೊನೆಗೆ ಲವಂಗವೇ ಕತ್ತಲಿಗೆ ಹೋಗುತ್ತದೆ. ಹಿಂದಿನಿಂದ ದುಬೈ ಲವಂಗವೂ ಇದೇ ದಾರಿಯಲ್ಲಿ ಬರುತ್ತದೆ. ರಾತ್ರಿ ಅಂದರೆ ಎಲ್ಲಿಂದಲೋ ಬಂದು ಕವಿಯುವ ಕತ್ತಲಲ್ಲ. ಭೂಮಿಯದೇ ನೆರಳು, ಅದರದೇ ಬೆನ್ನ ಮೇಲೆ.

ಇಲ್ಲಿ ಬೇಕಾದ ಲೆಕ್ಕ ಒಂದೇ ಸಾಲಿನದು. ಇಡೀ ಸುತ್ತು 360 ಡಿಗ್ರಿ, 24 ಗಂಟೆ. ಗಂಟೆಗೆ 15 ಡಿಗ್ರಿ, ಒಂದು ಡಿಗ್ರಿಗೆ 4 ನಿಮಿಷ. ಪಂಚಾಂಗದ ಲೆಕ್ಕ ಬೇಕಾದರೆ, ದಿನಕ್ಕೆ 60 ಘಳಿಗೆ, ಒಂದು ಘಳಿಗೆಗೆ 6 ಡಿಗ್ರಿ. ಕಾರವಾರದ ರೇಖಾಂಶ 74.1 ಡಿಗ್ರಿ, ಶಿರಸಿಯದು 74.8. ಮುಕ್ಕಾಲು ಡಿಗ್ರಿಯ ಹತ್ತಿರ. ಅಂದರೆ ಘಟ್ಟದ ಮೇಲಿನ ನಿಮಗೆ ಘಟ್ಟದ ಕೆಳಗಿನ ನಮಗಿಂತ ಸುಮಾರು 3 ನಿಮಿಷ ಮೊದಲೇ ನಡುಹಗಲು. ಚಕೋತದ ಮೇಲೆ ಈ ಎರಡು ಊರಿಗೆ ಇರುವ ದೂರ ಒಂದು ಮಿಲಿಮೀಟರೂ ಅಲ್ಲ. ಎರಡು ಲವಂಗ ಚುಚ್ಚಲು ಜಾಗವೇ ಸಾಲದು.

ನಮ್ಮ ಜಿಲ್ಲೆಯ ಅಕ್ಷಾಂಶದಲ್ಲಿ ನೆಲ ಗಂಟೆಗೆ ಸುಮಾರು 1,600 ಕಿಲೋಮೀಟರ್ ವೇಗದಲ್ಲಿ ಪೂರ್ವಕ್ಕೆ ಓಡುತ್ತಿದೆ. ಇಷ್ಟು ಜೋರು ಓಡಿದರೂ ಗೊತ್ತಾಗುವುದಿಲ್ಲ, ಯಾಕೆಂದರೆ ಎಳೆತ ಜಗ್ಗಾಟ ಇಲ್ಲ, ಮನೆ ಮರ ಗಾಳಿ ಎಲ್ಲ ಜೊತೆಗೇ ಹೋಗುತ್ತಿವೆ. ತದಡಿಯಿಂದ ಅಘನಾಶಿನಿಗೆ ದೋಣಿಯಲ್ಲಿ ದಾಟುವಾಗ ನೋಡಿದ್ದೀರಲ್ಲ, ನೀರು ಶಾಂತವಾಗಿದ್ದರೆ ನಾವು ಕೂತಲ್ಲೇ ಇದ್ದೇವೆ, ದಡದ ತೆಂಗಿನ ಮರಗಳೇ ಹಿಂದೆ ಸರಿಯುತ್ತಿವೆ ಅನ್ನಿಸುತ್ತದೆ. ಆರ್ಯಭಟ 5ನೇ ಶತಮಾನದ ಕೊನೆಯಲ್ಲಿ ಕೊಟ್ಟದ್ದೂ ಇದೇ ದೋಣಿಯ ಹೋಲಿಕೆ. ಮುಂದೆ ಹೋಗುವ ದೋಣಿಯವನಿಗೆ ದಡದ ವಸ್ತುಗಳು ಹಿಂದೆ ಹೋದಂತೆ ಕಾಣುವ ಹಾಗೆ, ನಿಂತ ನಕ್ಷತ್ರಗಳು ನಮಗೆ ಪಶ್ಚಿಮಕ್ಕೆ ಹೋದಂತೆ ಕಾಣುತ್ತವೆ ಅಂದ. ಅವನ ನಂತರದವರೇ ಇದನ್ನು ಒಪ್ಪಲಿಲ್ಲ. ಭೂಮಿ ತಿರುಗಿದರೆ ಹಾರಿಹೋದ ಹಕ್ಕಿ ಗೂಡಿಗೆ ಮರಳುವುದು ಹೇಗೆ ಅಂತ ವಾದ ಹೂಡಿದರು.

ಭೂಮಿ ತಿರುಗುವುದನ್ನು ಕಣ್ಣಾರೆ ನೋಡಬೇಕಾದರೆ ಮೋಡ ಇಲ್ಲದ ಸಂಜೆ ಕಾರವಾರದ ಬೀಚಿಗೆ ಬನ್ನಿ. ಸೂರ್ಯನ ಕೆಳಅಂಚು ನೀರಿಗೆ ತಾಗಿದ ಕೂಡಲೇ ಮೊಬೈಲಿನ ಸ್ಟಾಪ್‌ವಾಚ್ ಒತ್ತಿ. ಮೇಲಂಚು ಮರೆಯಾಗಲು ಎರಡು ನಿಮಿಷಕ್ಕಿಂತ ತುಸು ಜಾಸ್ತಿ ಹಿಡಿಯುತ್ತದೆ. ಸೂರ್ಯನ ಅಗಲ ಸುಮಾರು ಅರ್ಧ ಡಿಗ್ರಿ, ಡಿಗ್ರಿಗೆ 4 ನಿಮಿಷ, ಲೆಕ್ಕ ತಾಳೆಯಾಯಿತು ಅಲ್ವಾ? ಆದರೆ ಅದರೊಳಗೊಂದು ಮೋಸವೂ ಇದೆ. ಗಾಳಿಯ ಪದರ ಬೆಳಕನ್ನು ಬಗ್ಗಿಸಿ ಸೂರ್ಯನನ್ನು ಅರ್ಧ ಡಿಗ್ರಿಗೂ ಸ್ವಲ್ಪ ಹೆಚ್ಚೇ ಎತ್ತಿ ತೋರಿಸುತ್ತದೆ. ಕೆಳಅಂಚು ನೀರಿಗೆ ತಾಗಿತು ಅನ್ನುವಷ್ಟರಲ್ಲಿ ನಿಜವಾದ ಸೂರ್ಯ ಹೆಚ್ಚುಕಡಿಮೆ ಪೂರ್ತಿ ಮುಳುಗಿ ಆಗಿರುತ್ತಾನೆ. ಜನ ಸಾಲುಗಟ್ಟಿ ಫೋಟೋ ತೆಗೆಯುವುದು ಅಲ್ಲಿಲ್ಲದ ಸೂರ್ಯನದು.

ಇನ್ನು ನಿಮ್ಮ 31 ನಿಮಿಷ. ಭಾರತದ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ. ಆ ರೇಖೆ ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುತ್ತದೆ. ನಿಮ್ಮ ಮೊಬೈಲಿನಲ್ಲಿ 12 ಆದಾಗ ಸೂರ್ಯ ಸರಾಸರಿ ಲೆಕ್ಕದಲ್ಲಿ ಆ ರೇಖೆಯ ಮೇಲಿರುತ್ತಾನೆ. ನೀವು ಅಲ್ಲಿಂದ ಏಳೂಮುಕ್ಕಾಲು ಡಿಗ್ರಿಯಷ್ಟು ಪಶ್ಚಿಮದಲ್ಲಿದ್ದೀರಿ. ಡಿಗ್ರಿಗೆ 4 ನಿಮಿಷದಂತೆ ಸುಮಾರು 31 ನಿಮಿಷ, ಒಂದೂಕಾಲು ಘಳಿಗೆ. ಅಷ್ಟು ಹೊತ್ತು ಭೂಮಿ ತಿರುಗಿದ ಮೇಲೆಯೇ ನಿಮ್ಮ ಅಟ್ಟದ ಕಂಬ ಸೂರ್ಯನಿಗೆ ನೇರ ಎದುರಾಗುವುದು. ಕಾರವಾರಕ್ಕೆ ಇದು ಮೂವತ್ತಮೂರೂವರೆ ನಿಮಿಷ. ನಮ್ಮ ಕೈಯಲ್ಲಿರುವುದು ಮಿರ್ಜಾಪುರದ ಹೊತ್ತು ಹೇಳುವ ಗಡಿಯಾರ.

ಉಳಿದ 9 ನಿಮಿಷದ ಕಥೆ ಸ್ವಲ್ಪ ಜಟಿಲ, ಆದರೆ ನನಗೆ ಹೆಚ್ಚು ಇಷ್ಟವಾದದ್ದು ಅದೇ. ಭೂಮಿ 24 ಗಂಟೆಗೆ ಒಂದು ಸುತ್ತು ಬರುತ್ತದೆ ಅಂದಿರಿ. ಅದು ಪೂರ್ತಿ ನಿಜ ಅಲ್ಲ. ತನ್ನ ಸುತ್ತ ಒಂದು ಸುತ್ತು ಮುಗಿಸಲು ಅದಕ್ಕೆ 23 ಗಂಟೆ 56 ನಿಮಿಷ 4 ಸೆಕೆಂಡ್ ಸಾಕು. ನಂಬಿಕೆ ಬಾರದಿದ್ದರೆ ಜಗಲಿಯಲ್ಲಿ ಒಂದೇ ಜಾಗದಲ್ಲಿ ಕೂತು, ಯಾವುದಾದರೂ ನಕ್ಷತ್ರ ಮನೆಯ ಮಾಡಿನ ಅಂಚಿಗೆ ಮರೆಯಾಗುವ ಹೊತ್ತು ಬರೆದಿಡಿ. ಮರುದಿನ ಅದು ಸುಮಾರು 4 ನಿಮಿಷ ಮೊದಲೇ ಮರೆಯಾಗುತ್ತದೆ. ನಕ್ಷತ್ರದ ಮಟ್ಟಿಗೆ ಸುತ್ತು ಮುಗಿಯಿತು. ಆದರೆ ಅಷ್ಟರಲ್ಲಿ ಭೂಮಿ ಸೂರ್ಯನ ಸುತ್ತ ತನ್ನ ದಾರಿಯಲ್ಲಿ ಒಂದು ಡಿಗ್ರಿಯಷ್ಟು ಮುಂದೆ ಹೋಗಿರುತ್ತದೆ. ಮತ್ತೆ ಸೂರ್ಯನಿಗೆ ಎದುರಾಗಲು ಇನ್ನೂ ಚೂರು ತಿರುಗಬೇಕು. ಆ ಚೂರು ಸೇರಿದರೆ 24 ಗಂಟೆ.

ತೊಂದರೆ ಏನೆಂದರೆ, ಈ ಚೂರು ದಿನಾ ಒಂದೇ ಅಳತೆಯದಲ್ಲ. ಭೂಮಿಯ ದಾರಿ ಸರಿಯಾದ ವೃತ್ತವಲ್ಲ. ಜನವರಿ ಮೊದಲ ವಾರದಲ್ಲಿ ಅದು ಸೂರ್ಯನಿಗೆ ಎಲ್ಲಕ್ಕಿಂತ ಹತ್ತಿರ ಇರುತ್ತದೆ, ಆಗ ಓಟವೂ ಜೋರು. ಓಟ ಜೋರಾದರೆ ತಿರುಗಬೇಕಾದ ಚೂರೂ ದೊಡ್ಡದು. ಎರಡನೆಯದು, ಭೂಮಿಯ ಅಚ್ಚು 23.4 ಡಿಗ್ರಿ ಓರೆ. ಇದಕ್ಕೆ ಮತ್ತೆ ಚಕೋತ ಬೇಕು. ಸಿಪ್ಪೆ ಸುಲಿದರೆ ತೊಳೆಗಳ ನಡುವಿನ ಗೆರೆ ಕಾಣುತ್ತದಲ್ಲ, ಹೊಟ್ಟೆಯ ಹತ್ತಿರ ಅವು ದೂರ ದೂರ, ಮೇಲೆ ಕೆಳಗೆ ಹೋದ ಹಾಗೆ ಒತ್ತೊತ್ತು. ಡಿಸೆಂಬರ್ ಕೊನೆಯಲ್ಲಿ ಸೂರ್ಯ ಹೊಟ್ಟೆಯ ಗೆರೆ ಬಿಟ್ಟು ದಕ್ಷಿಣಕ್ಕೆ ಇಳಿದಿರುತ್ತಾನೆ. ಅಲ್ಲಿ ಅಷ್ಟೇ ದೂರ ಸರಿದರೂ ಜಾಸ್ತಿ ಗೆರೆ ದಾಟಿದಂತಾಗುತ್ತದೆ. ಆ ಹೊತ್ತಿಗೆ ಎರಡೂ ಕಾರಣ ಒಂದೇ ಕಡೆ ಜಗ್ಗುತ್ತವೆ. ಹಾಗಾಗಿ ಒಂದು ನಡುಹಗಲಿನಿಂದ ಮುಂದಿನ ನಡುಹಗಲಿಗೆ 24 ಗಂಟೆ ಮೇಲೆ ಸುಮಾರು ಅರ್ಧ ನಿಮಿಷ ಬೇಕಾಗುತ್ತದೆ.

ಗಡಿಯಾರಕ್ಕೆ ಇದರ ಗೊಡವೆ ಇಲ್ಲ. ಅದು ವರ್ಷದ ಸರಾಸರಿ ಹಿಡಿದು 24 ಗಂಟೆ ಅಂತ ಕೂತಿದೆ. ಡಿಸೆಂಬರ್ 25ರ ಸುಮಾರಿಗೆ ಸೂರ್ಯನ ಲೆಕ್ಕವೂ ಗಡಿಯಾರದ ಲೆಕ್ಕವೂ ಸಮ ಇರುತ್ತದೆ. ಅಲ್ಲಿಂದ ದಿನಾ 25-30 ಸೆಕೆಂಡ್ ಸಾಲ ಏರುತ್ತ ಹೋಗುತ್ತದೆ. ಜನವರಿ 15ಕ್ಕೆ 21 ದಿನ. ಗುಣಿಸಿ ನೋಡಿ, 9 ನಿಮಿಷದ ಹತ್ತಿರ ಬರುತ್ತದೆ. 31ಕ್ಕೆ 9 ಸೇರಿದರೆ 40. ನಿಮ್ಮ ಮೊಮ್ಮಗಳು ಕಲ್ಲಿನ ಅಂಗಳದಲ್ಲಿ ಸೀಮೆಸುಣ್ಣದಲ್ಲೇ ಗೆರೆ ಹಾಕಿರಲಿ, ಸೆಗಣಿ ಸಾರಿಸಿದ ನೆಲದಲ್ಲಿ ಕಡ್ಡಿಯಿಂದಲೇ ಗೀರಿರಲಿ, ಅಳೆದದ್ದು ಭೂಮಿಯ ಓಟವನ್ನು.

ಫೆಬ್ರವರಿ ಎರಡನೇ ವಾರದಲ್ಲಿ ಈ ಸಾಲ 14 ನಿಮಿಷಕ್ಕೆ ಏರುತ್ತದೆ, ನಿಮ್ಮಲ್ಲಿ ನೆರಳು ಚಿಕ್ಕದಾಗುವುದು 12.45ಕ್ಕೆ. ಏಪ್ರಿಲ್ ಮಧ್ಯದಲ್ಲಿ ಸಾಲ ತೀರುತ್ತದೆ. ಆಮೇಲೆ ಸ್ವಲ್ಪ ಆ ಕಡೆ ಈ ಕಡೆ ಆಗಿ, ನವೆಂಬರ್ ಮೊದಲ ವಾರದಲ್ಲಿ ಸೂರ್ಯನೇ 16 ನಿಮಿಷ ಮುಂದೆ ಇರುತ್ತಾನೆ. ಕೂಸು ಆಗ ಗೆರೆ ಹಾಕಿದ್ದರೆ 12.14 ಬರುತ್ತಿತ್ತು. ಆಗ ನೀವು ಪತ್ರ ಬರೆಯುತ್ತಿರಲಿಲ್ಲವೇನೋ, 14 ನಿಮಿಷಕ್ಕೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ!

ನಿಮ್ಮ ಊರಿನವರು ಕೇಳುವ ಇನ್ನೊಂದು ಪ್ರಶ್ನೆಗೂ ಇಲ್ಲೇ ಉತ್ತರ ಸಿಗುತ್ತದೆ. ಡಿಸೆಂಬರ್ 21-22 ಅತಿ ಚಿಕ್ಕ ಹಗಲು, ಅಲ್ಲಿಂದ ದಿನ ದೊಡ್ಡದಾಗಬೇಕು. ಆದರೆ ಜನವರಿಯಲ್ಲಿ ಬೆಳಿಗ್ಗೆ ಎದ್ದರೆ ಕತ್ತಲೆ ಇನ್ನೂ ಜಾಸ್ತಿ! ಭ್ರಮೆ ಅಲ್ಲ. ಶಿರಸಿಯಲ್ಲಿ ಡಿಸೆಂಬರ್ 21ಕ್ಕೆ ಸೂರ್ಯೋದಯ 6.51ರ ಹೊತ್ತಿಗೆ, ಜನವರಿ 21ಕ್ಕೆ 7ರ ಹೊತ್ತಿಗೆ. ಹಗಲು ಉದ್ದವಾಗಿದೆ ನಿಜ, ಆದರೆ ಇಡೀ ಹಗಲೇ ಗಡಿಯಾರದ ಮೇಲೆ ಆ ಸಾಲದ ನಿಮಿಷಗಳಷ್ಟು ಮುಂದಕ್ಕೆ ಜಾರಿದೆ. ಬೆಳೆದ ಹಗಲೆಲ್ಲ ಸಂಜೆಗೆ ಸೇರಿಕೊಂಡಿತು. ನಮ್ಮ ಕಾರವಾರದಲ್ಲಿ ಸೂರ್ಯ ಎಲ್ಲಕ್ಕಿಂತ ಬೇಗ ಮುಳುಗುವುದೂ ಡಿಸೆಂಬರಿನಲ್ಲಲ್ಲ, ನವೆಂಬರಿನ ಎರಡನೇ ಅರ್ಧದಲ್ಲಿ, 6 ಗಂಟೆ ದಾಟುತ್ತಲೇ.

ಸರಕಾರದ ಪಾಲು ಏನು ಅಂತ ಕೇಳಿದ್ದಿರಿ. ಮೊದಲು ಪ್ರತಿ ಊರಿಗೂ ಅದರದೇ ನಡುಹಗಲು ಇತ್ತು, ಅದರಿಂದ ಯಾರಿಗೂ ತೊಂದರೆ ಇರಲಿಲ್ಲ. ಶಿರಸಿಯಿಂದ ಕಾರವಾರಕ್ಕೆ ಎತ್ತಿನ ಗಾಡಿಯಲ್ಲಿ ಬರುವವನಿಗೆ 3 ನಿಮಿಷ ಹೆಚ್ಚೋ ಕಡಿಮೆಯೋ ಏನಾಗಬೇಕು? ರೈಲು, ತಂತಿ ಬಂದ ಮೇಲೆ ಇದು ಗೊಂದಲವಾಯಿತು. ಬ್ರಿಟಿಷರ ಕಾಲದಲ್ಲಿ ಬಾಂಬೆ ಟೈಮ್, ಕಲ್ಕತ್ತಾ ಟೈಮ್, ಮದ್ರಾಸ್ ಟೈಮ್ ಅಂತ ಬೇರೆ ಬೇರೆ ಇದ್ದವು. ನಮ್ಮ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಬಾಂಬೆ ಪ್ರಾಂತಕ್ಕೆ ಸೇರಿತ್ತು. ಬಾಂಬೆ ಟೈಮ್ ಈಗಿನ ಭಾರತೀಯ ಸಮಯಕ್ಕಿಂತ 39 ನಿಮಿಷ ಹಿಂದೆ. ಆ ಗಡಿಯಾರ ಇಟ್ಟುಕೊಂಡು ನಾನು ಮೈದಾನದಲ್ಲಿ ಕೋಲು ನೆಟ್ಟಿದ್ದರೆ 12 ಗಂಟೆಗೆ ಮರ್ಯಾದೆ ಸ್ವಲ್ಪವಾದರೂ ಉಳಿಯುತ್ತಿತ್ತು.

1884ರಲ್ಲಿ ವಾಷಿಂಗ್ಟನ್‌ನಲ್ಲಿ ಹಲವು ದೇಶಗಳು ಸೇರಿ ಇಂಗ್ಲೆಂಡಿನ ಗ್ರೀನಿಚ್ ಮೂಲಕ ಹೋಗುವ ರೇಖೆಯೇ ಸೊನ್ನೆ ಅಂತ ಒಪ್ಪಿದವು. ಭಾರತಕ್ಕೆ 1906ರ ಜನವರಿ 1ರಿಂದ ಒಂದೇ ಸಮಯ ಬಂತು. ದೇಶ ಸುಮಾರು 68ರಿಂದ 97 ಡಿಗ್ರಿವರೆಗೆ ಹರಡಿದೆ. ನಡುವಿನ 82.5 ಹಿಡಿದರು, ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ. ಕಲ್ಕತ್ತಾ 1948ರವರೆಗೆ, ಬಾಂಬೆ 1955ರವರೆಗೆ ತಮ್ಮ ಹಳೆಯ ಸಮಯ ಬಿಟ್ಟುಕೊಡಲಿಲ್ಲ.

ಚಕೋತಕ್ಕೆ ಸರಿಯಾಗಿ 24 ತೊಳೆ ಮಾಡಿ, ತೊಳೆಗೊಂದು ಗಂಟೆ ಅಂತ ಹಂಚಿದರೆ ಚೆಂದ ಇರುತ್ತಿತ್ತು. ಆದರೆ ದೇಶಗಳು ತೊಳೆಯ ಗೆರೆ ನೋಡಿ ಹುಟ್ಟಿಲ್ಲ. ಚೀನಾ ಅಷ್ಟು ಅಗಲ ಇದ್ದರೂ ಒಂದೇ ಸಮಯ ಇಟ್ಟುಕೊಂಡಿದೆ. ನೇಪಾಳ ನಮಗಿಂತ 15 ನಿಮಿಷ ಮುಂದೆ. ಅಸ್ಸಾಮಿನ ಚಹಾ ತೋಟಗಳಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು ಬಾಗಾನ್ ಟೈಮ್ ಅಂತ ನಡೆಸುವ ರೂಢಿ ಇದೆ, ಅಲ್ಲಿ ಅಷ್ಟು ಬೇಗ ಬೆಳಗಾಗುತ್ತದೆ. ಒಂದೇ ಸಮಯದ ಕಷ್ಟ ನಿಜಕ್ಕೂ ಅವರದು. ಪಶ್ಚಿಮದ ತುದಿಯ ನಮಗೆ ಲಾಭವೇ, ಸಂಜೆ ಆಫೀಸು ಮುಗಿದ ಮೇಲೂ ಬೆಳಕಿರುತ್ತದೆ, ತೋಟಕ್ಕೊಂದು ಸುತ್ತು ಹೋಗಿ ಬರಬಹುದು.

ದುಬೈಯ ಒಂದೂವರೆ ಗಂಟೆ ಹೀಗೇ ಗಡಿಯಾರದ್ದು. ಸೂರ್ಯನ ಲೆಕ್ಕದಲ್ಲಿ ಅಷ್ಟಿಲ್ಲ. ದುಬೈ 55.3 ಡಿಗ್ರಿಯಲ್ಲಿದೆ, ಶಿರಸಿಯಿಂದ ಹತ್ತೊಂಬತ್ತೂವರೆ ಡಿಗ್ರಿ ಪಶ್ಚಿಮಕ್ಕೆ. ಅಂದರೆ ನಿಮ್ಮ ಅಂಗಳದಲ್ಲಿ ನಡುಹಗಲಾದ 78 ನಿಮಿಷಕ್ಕೆ ಮಗನಿಗೆ ನಡುಹಗಲು. ಅವರ ಗಡಿಯಾರ ನಡೆಯುವುದು 60 ಡಿಗ್ರಿ ರೇಖೆಯ ಮೇಲೆ, ಗ್ರೀನಿಚ್‌ಗಿಂತ 4 ಗಂಟೆ ಮುಂದೆ. ಅವರ ಸೂರ್ಯ ಅವರ ಗಡಿಯಾರಕ್ಕಿಂತ 19 ನಿಮಿಷ ತಡ, ನಿಮ್ಮದು ನಿಮ್ಮ ಗಡಿಯಾರಕ್ಕಿಂತ 31 ನಿಮಿಷ ತಡ. ಈ ಎರಡು ತಡಗಳ ನಡುವಿನ 12 ನಿಮಿಷವೇ 78 ಮತ್ತು 90ರ ನಡುವಿನ ಅಂತರ.

ಸಂಜೆಯ ಫೋನಿನಲ್ಲಿ ಇದು ಇನ್ನೂ ಬದಲಾಗುತ್ತದೆ. ದುಬೈ ನಮಗಿಂತ ಉತ್ತರದಲ್ಲಿರುವುದರಿಂದ ಅಲ್ಲಿ ಬೇಸಿಗೆಯ ಹಗಲು ಹೆಚ್ಚು ಉದ್ದ, ಚಳಿಗಾಲದ ಹಗಲು ಹೆಚ್ಚು ಗಿಡ್ಡ. ಡಿಸೆಂಬರಿನಲ್ಲಿ ನಿಮ್ಮಲ್ಲಿ ಸೂರ್ಯ ಮುಳುಗಿ ಒಂದು ಗಂಟೆಯೊಳಗೆ ಅಲ್ಲೂ ಮುಳುಗುತ್ತಾನೆ. ಜೂನಿನಲ್ಲಿ ಒಂದೂವರೆ ಗಂಟೆಗೂ ಹೆಚ್ಚು ಕಾಯಬೇಕು. ಇಲ್ಲಿ ಮಳೆ ಹೊಡೆಯುತ್ತಿರುತ್ತದೆ, ನಿಮ್ಮದು ಊಟ ಮುಗಿದು ಕವಳ ಹಾಕಿ ಆಗಿರುತ್ತದೆ, ವಿಡಿಯೋ ಕಾಲಿನಲ್ಲಿ ಮಗನ ಹಿಂದೆ ಬೆಳಕು ಕಾಣುತ್ತದೆ.

ಒಂದು ಕೆಲಸ ಬಾಕಿ ಇದೆ. ಏಪ್ರಿಲ್ 30ರ ಆಸುಪಾಸು ಸೂರ್ಯ ನಿಮ್ಮ ನೆತ್ತಿಯ ಮೇಲೂ ಬರುತ್ತಾನೆ. ಆಗಸ್ಟ್ 12ರ ಹೊತ್ತಿಗೆ ಮತ್ತೊಮ್ಮೆ, ಆದರೆ ಆಗ ಶಿರಸಿಯಲ್ಲಿ ಸೂರ್ಯ ಕಾಣುವುದೇ ಅಪರೂಪ, ಅದನ್ನು ನಂಬಿ ಕೂರಬೇಡಿ. ದುಬೈಯಲ್ಲಿ ಈ ಆಟ ನಡೆಯುವುದಿಲ್ಲ. ಅದು ಕರ್ಕಾಟಕ ವೃತ್ತದಿಂದ ಆಚೆ, ಅಲ್ಲಿ ಸೂರ್ಯ ಯಾವತ್ತೂ ನೆತ್ತಿಗೆ ಬರುವುದಿಲ್ಲ. ಮಗನಿಗೆ ಫೋಟೋ ಕಳಿಸಿ. ಅಟ್ಟದ ಕಂಬ ಓರೆ ಇರಬಹುದು, ಕೂಸಿಗೆ ಒಂದು ಮೀಟರಿನ ಬೇರೆ ಕೋಲು ನೆಟ್ಟುಕೊಡಿ. ದಾರಕ್ಕೆ ಕಲ್ಲು ಕಟ್ಟಿ ನೆಟ್ಟಗಿದೆಯೇ ನೋಡಿ. 12 ಗಂಟೆಗೆ ಯಾರನ್ನೂ ಕರೆಯಬೇಡಿ. ನಿಮ್ಮಲ್ಲಿ ನೆರಳು ಮಾಯವಾಗುವುದು 12.28ಕ್ಕೆ. ಮಾಯವಾದ ಕೂಡಲೇ ನನಗೊಂದು ಫೋನ್ ಮಾಡಿಸಿ. ನಾನೂ ಇಲ್ಲಿ ಕೋಲು ನೆಟ್ಟು ಕೂತಿರುತ್ತೇನೆ, ಇನ್ನೂ 3 ನಿಮಿಷ ಕಾಯುತ್ತ. ನನ್ನ ಕೋಲಿನ ಬುಡದಲ್ಲಿ ಆಗ ಒಂದು ಸೆಂಟಿಮೀಟರಿನಷ್ಟು ನೆರಳು ಉಳಿದಿರುತ್ತದೆ, ಸಮುದ್ರದ ಕಡೆಗೆ.